ನಕ್ಷತ್ರದಿಂದ ಬಂದ ಹುಡುಗಿ

ಪುಣೆಯ ಆಯುಕಾ ಸಂಸ್ಥೆಯನ್ನು ಕಟ್ಟಿದ ಡಾ. ಜಯಂತ ನಾರಳೀಕರರನ್ನು (1938–2025) ಅರಿಯದವರು ನಮ್ಮಲ್ಲಿ ವಿರಳ. ಕೇಂಬ್ರಿಜ್‌ನಲ್ಲಿ ಅವರ ಗುರುಗಳಾಗಿದ್ದ ಖಗೋಳಜ್ಞ ಫ್ರೆಡ್ ಹಾಯ್ಲ್, ಜಾನ್ ಎಲಿಯಟರ ಜೊತೆಗೂಡಿ ಬಿಬಿಸಿ ಟೆಲಿವಿಷನ್ನಿಗೆ ಒಂದು ನಾಟಕಮಾಲೆಯನ್ನು ರಚಿಸಿದ್ದರೆಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ‘ಎ ಫಾರ್ ಆಂಡ್ರೊಮಿಡಾ’ ಎಂಬ ಈ ಮಾಲೆ 1961ರ ಅಕ್ಟೋಬರ್-ನವೆಂಬರಿನಲ್ಲಿ ಏಳು ಕಂತುಗಳಲ್ಲಿ ಪ್ರಸಾರವಾಯಿತು. (ಅವುಗಳಲ್ಲಿ ಇಂದು ಪೂರ್ತಿಯಾಗಿ ಉಳಿದಿರುವುದು ಒಂದೇ!)

ಬರ್ಲಿನ್ನಿನಲ್ಲಿ ಗೋಡೆ ಎದ್ದ ವರ್ಷವದು. ಹಾಯ್ಲರ ಕಥೆಯಲ್ಲಿ ಹಾರುವ ತಟ್ಟೆಗಳಿಲ್ಲ. ಆಕಾಶದಿಂದ ಬರುವುದು ಬರಿಯ ರೇಡಿಯೋ ಸಂಕೇತ. ಅದರಲ್ಲಿ ಅಡಗಿರುವುದು ಒಂದು ಗಣಕಯಂತ್ರವನ್ನು ಕಟ್ಟುವ ವಿಧಾನ. ಕಟ್ಟಿದ್ದೇ ತಡ, ಯಂತ್ರ ಜೀವವನ್ನೇ ಸೃಷ್ಟಿಸತೊಡಗುತ್ತದೆ. ಕಡೆಗೆ ಒಬ್ಬ ಹುಡುಗಿಯನ್ನೂ. ಇದು ಅಪಾಯವೆಂದು ಫ್ಲೆಮಿಂಗ್ ಎಂಬ ವಿಜ್ಞಾನಿ ಕೂಗಿ ಹೇಳಿದರೂ ಕೇಳುವವರಿಲ್ಲ. ಶತ್ರುಗಳ ಕ್ಷಿಪಣಿಗೆ ಹೆದರಿದ ಸರಕಾರಕ್ಕೆ ಆ ಯಂತ್ರ ಬೇಕು, ಲಾಭದ ವಾಸನೆ ಹಿಡಿದ ಕಂಪನಿಗೂ ಬೇಕು. ದಾಳಿಕೋರನಿಗೆ ಬಾಗಿಲು ತೆರೆದವರು ಮನೆಯವರೇ! ಶೀತಲ ಸಮರದ ರಾಜಕೀಯವನ್ನು ಇದಕ್ಕಿಂತ ಚುರುಕಾಗಿ ಚುಚ್ಚಿದ ಟೆಲಿವಿಷನ್ ಕಥೆ ನಮಗೆ ಕಾಣದು.

ಇಂಥ ಕಥೆಗಳನ್ನು ಪರಊರಲ್ಲಿ ನೆಲೆಸಿದ ನಾವು ಸ್ವಲ್ಪ ಬೇರೆಯಾಗಿಯೇ ನೋಡುತ್ತೇವೆ. 1960ರ ದಶಕದಲ್ಲಿ, ದಕ್ಷಿಣದವರು ಬಂದು ಮುತ್ತಿಕೊಂಡರೆಂಬ ಕೂಗು ಮುಂಬಯಿಯಲ್ಲಿ ಎದ್ದದ್ದನ್ನು ನಮ್ಮ ಹಿರಿಯರು ಕೇಳಿದ್ದರು. ಅನ್ಯಗ್ರಹದವರ ದಾಳಿಯ ಕಥೆಯನ್ನು ಅಂಥ ಕೂಗಿಗೆ ಒಗ್ಗಿಸುವುದು ಬಲು ಸುಲಭ. ಹಾಯ್ಲ್ ಹಾಗೆ ಮಾಡಲಿಲ್ಲ. ಅವರ ಕಥೆಯಲ್ಲಿ ಫ್ಲೆಮಿಂಗ್ ಯಂತ್ರವನ್ನು ಒಡೆದುಹಾಕಿದ ಮೇಲೆ, ಅದನ್ನು ಮತ್ತಾರೂ ಕಟ್ಟದಂತೆ ಸಂಕೇತದ ಪ್ರತಿಯನ್ನು ಸುಡುವವಳು ಹೊರಗಿನವಳಾದ ಆ ಹುಡುಗಿ.