ಅಳಿಸೋ ರಬ್ಬರಿನೊಳಗೆ ಅಡಗಿದ್ದ ಎಣ್ಣೆ

ಶಾಲೆಯಲ್ಲಿ ಪೆನ್ಸಿಲ್ ಗೆರೆ ಅಳಿಸಿದಾಗ ಪುಟದ ತುಂಬಾ ಪುಡಿ ಉದುರ್ತಿತ್ತಲ್ಲ, ಅದನ್ನ ಉಫ್ ಅಂತ ಪಕ್ಕದವನ ಮೇಲೆ ಊದಿ ಮೇಷ್ಟ್ರ ಹತ್ರ ಬೈಸಿಕೊಂಡವನು ನಾನು. ಆ ಪುಡಿಯ ಹಿಂದೆ ಎಣ್ಣೆಬೀಜಗಳ ಕಥೆ ಇದೆ ಅಂತ ಗೊತ್ತಾಗಿದ್ದು ಮಾತ್ರ ಈಚೆಗೆ.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗಲ್ಲ, ಚಳಿಗೆ ಬಿರುಸಾಗಲ್ಲ ಅಂತ ಕಂಡುಕೊಂಡ. ಅದೇ ಶತಮಾನದಲ್ಲಿ ಅಗಸೆ ಎಣ್ಣೆ, ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಗಳಿಗೂ ಗಂಧಕ ಹಾಕಿ ಕಾಯಿಸಿ ನೋಡಿದರು. ಎಣ್ಣೆ ಹೆಪ್ಪುಗಟ್ಟಿ, ಹಿಚುಕಿದರೆ ಪುಡಿಯಾಗೋ ಕಂದು ಮುದ್ದೆಯಾಯ್ತು. ಕಾಯಿಸದೆ ಗಂಧಕದ ಕ್ಲೋರೈಡ್ ಬೆರೆಸಿದರೆ ಬಿಳಿ ಮುದ್ದೆ. ಹೆಸರು ಫ್ಯಾಕ್ಟಿಸ್. ನಮ್ಮ ಹರಳೆಣ್ಣೆಯಿಂದಲೂ ಇದನ್ನ ಮಾಡ್ತಾರೆ. ರಬ್ಬರಿಗೆ ಬೆರೆಸಿದರೆ ಹದ ಸುಲಭ, ಆಕಾರ ಕೆಡಲ್ಲ. ಅಳಿಸೋ ರಬ್ಬರಿನಲ್ಲಿ ಇದೇ ಸವೆದು ಉದುರ್ತಾ, ಪೆನ್ಸಿಲ್ಲಿನ ಕಪ್ಪನ್ನೂ ಜೊತೆಗೆ ಒಯ್ಯೋದು. (ಈಗಿನ ಬಿಳಿ ರಬ್ಬರ್‌ಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್, ಅದು ಬೇರೆ ಮಾತು.)

ಆಮೇಲೆ ಪೆಟ್ರೋಲಿಯಂ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಕೃತಕ ರಬ್ಬರ್ ಬೆಳೀತು. ಅದನ್ನ ಮೆತ್ತಗೆ ಮಾಡೋಕೆ ರಿಫೈನರಿಗಳ ಕಪ್ಪು ಎಣ್ಣೆ ಅಗ್ಗಕ್ಕೆ ಸಿಕ್ತು. ಟೈರುಗಳು ದಶಕಗಳ ಕಾಲ ಅದನ್ನೇ ಕುಡಿದವು. ಆದ್ರೆ ಆ ಎಣ್ಣೆಯಲ್ಲಿ ಕ್ಯಾನ್ಸರ್ ತರಬಲ್ಲ ಪಿಎಎಚ್ ಅನ್ನೋ ರಾಸಾಯನಿಕಗಳಿದ್ದವು. ಟೈರ್ ಸವೆದಂತೆ ಅವು ಧೂಳಾಗಿ ರಸ್ತೆಗೆ, ಚರಂಡಿಗೆ ಸೇರ್ತಿದ್ದವು. 2010ರ ಜನವರಿ 1ರಿಂದ ಯುರೋಪಿಯನ್ ಒಕ್ಕೂಟ ಇದಕ್ಕೆ ಮಿತಿ ಹಾಕ್ತು: ಎಣ್ಣೆಯ ಪ್ರತಿ ಕಿಲೋಗೆ ಅಂಥ ಎಂಟು ರಾಸಾಯನಿಕಗಳು ಒಟ್ಟು 10 ಮಿಲಿಗ್ರಾಂ ಮೀರಬಾರದು.

ತಕ್ಷಣ ಎಲ್ಲರೂ ಗಾಣದ ಕಡೆ ಓಡಿದರು ಅಂದ್ಕೋಬೇಡಿ. ಹೆಚ್ಚಿನವರು ಪೆಟ್ರೋಲಿಯಂ ಎಣ್ಣೆಯನ್ನೇ ಇನ್ನಷ್ಟು ಶುದ್ಧ ಮಾಡಿ ಬಳಸಿದರು. ಸಸ್ಯದ ಎಣ್ಣೆಗೆ ಒಂದು ತಕರಾರೂ ಇದೆ: ಫ್ಯಾಕ್ಟಿಸ್ ಆಗೋ ಅದರ ಗುಣವೇ ಇಲ್ಲಿ ಅಡ್ಡಿ. ರಬ್ಬರಿಗೆ ಹಾಕಿದ ಗಂಧಕದಲ್ಲಿ ಎಣ್ಣೆಯೂ ಪಾಲು ಕೇಳುತ್ತೆ. ಹಾಗಾಗಿ ಪಾಕವನ್ನೇ ಬದಲಿಸಬೇಕು. 2017ರಲ್ಲಿ ಗುಡ್‌ಇಯರ್ ಕಂಪನಿ (ಚಾರ್ಲ್ಸ್ ಇದನ್ನ ಕಟ್ಟಿದವನಲ್ಲ, ಹೆಸರು ಮಾತ್ರ ಅವನದು) ಸೋಯಾ ಎಣ್ಣೆ ಬೆರೆಸಿದ ಟೈರನ್ನ ಮಾರುಕಟ್ಟೆಗೆ ತಂತು. ಚಳಿಯಲ್ಲೂ ರಬ್ಬರ್ ಮೆತ್ತಗಿರುತ್ತೆ ಅನ್ನೋದು ಅದರ ಹೆಗ್ಗಳಿಕೆ.

ಇದನ್ನೆಲ್ಲ ಹೊಸ ಹಸಿರು ಆವಿಷ್ಕಾರ ಅಂತ ಜಾಹೀರಾತಿನಲ್ಲಿ ನೋಡಿದಾಗ ನಂಗೆ ಸ್ವಲ್ಪ ನಗು ಬರುತ್ತೆ. ಬಾಣಲೆಗೂ ಬೇಕಾದ ಸೋಯಾ ಎಣ್ಣೆಗಿಂತ, ಅಡುಗೆಗೆ ಬಾರದ ಹರಳೆಣ್ಣೆಯ ಮೇಲೆ ನನ್ನ ಕಣ್ಣು. ಅದನ್ನ ಜಗತ್ತಿನಲ್ಲೇ ಅತಿ ಹೆಚ್ಚು ತಯಾರಿಸೋದು ನಮ್ಮ ದೇಶ, ಅದರಲ್ಲೂ ಗುಜರಾತ್.