ಸೊರಬ–ಶಿಕಾರಿಪುರ ಸೀಮೆ

ಶಿವಮೊಗ್ಗ ಜಿಲ್ಲೆಯ ಉತ್ತರ ಭಾಗದ ಎರಡು ತಾಲ್ಲೂಕುಗಳು. ದಕ್ಷಿಣಕ್ಕೆ ಸಾಗರ, ಪಶ್ಚಿಮಕ್ಕೆ ಉತ್ತರ ಕನ್ನಡದ ಸಿದ್ದಾಪುರ ಮತ್ತು ಶಿರಸಿ, ಉತ್ತರಕ್ಕೆ ಹಾವೇರಿ ಜಿಲ್ಲೆ. ಶಾಸನಗಳಲ್ಲಿ ಕಾಣುವ ನಾಗರಖಂಡ ಎಪ್ಪತ್ತು ಈ ಸೀಮೆಯಲ್ಲೇ ಇತ್ತು. ಅದು ಬನವಾಸಿ ಪನ್ನಿರ್ಛಾಸಿರಕ್ಕೆ ಸೇರಿದ ಒಂದು ಒಳನಾಡು. ಇವತ್ತು ಸೊರಬ, ಶಿಕಾರಿಪುರ ಪೇಟೆಗಳನ್ನಷ್ಟೇ ನೋಡಿ ಹೋದವರಿಗೆ ಇದೊಂದು ಸಾಮಾನ್ಯ ಸೀಮೆ ಎನ್ನಿಸಬಹುದು. ಇಲ್ಲಿ ನೋಡತಕ್ಕದ್ದೆಲ್ಲ ಬಹುಮಟ್ಟಿಗೆ ಹಳ್ಳಿಗಳಲ್ಲಿದೆ.

ಮೊದಲಿಗೆ ಒಂದು ಎಚ್ಚರಿಕೆ. ಸೊರಬ ತಾಲ್ಲೂಕಿನ ಉಳವಿ ಒಂದು ಹೋಬಳಿ ಕೇಂದ್ರ. ಚನ್ನಬಸವಣ್ಣನವರ ಸಮಾಧಿಯಿರುವ ಯಾತ್ರಾಸ್ಥಳ ಉಳವಿ ಬೇರೆ. ಅದು ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನಲ್ಲಿದೆ. ಜಾತ್ರೆಗೆಂದು ಹೊರಟವರು ಬಸ್ಸಿನ ಬೋರ್ಡಿನಲ್ಲಿ ಹೆಸರು ಕಂಡೊಡನೆ ಹತ್ತದೆ, ಯಾವ ಉಳವಿಗೆ ಹೋಗುವ ಬಸ್ಸೆಂದು ಕಂಡಕ್ಟರನ್ನು ಕೇಳಿಕೊಳ್ಳುವುದು ಒಳ್ಳೆಯದು.

ನೆಲ ಮಲೆನಾಡಿನ ಅಂಚಿನದು. ಸೊರಬದ ಪಶ್ಚಿಮ ಭಾಗದಲ್ಲಿ ಕಾನು, ಅಡಿಕೆ ತೋಟ, ಗದ್ದೆ. ಶಿಕಾರಿಪುರದಿಂದ ಮೂಡಣಕ್ಕೆ ಹೋದಂತೆ ಮಳೆ ಇಳಿದು ಮೆಕ್ಕೆಜೋಳದ ಹೊಲಗಳು ತೆರೆದುಕೊಳ್ಳುತ್ತವೆ. ಊಟವೂ ಹಾಗೆಯೇ ಬದಲಾಗುತ್ತದೆ: ಇತ್ತ ಅಕ್ಕಿ ರೊಟ್ಟಿ, ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಅತ್ತ ಜೋಳದ ರೊಟ್ಟಿ. ವರದಾ ನದಿ ಸಾಗರದ ಕಡೆಯಿಂದ ಬಂದು ಸೊರಬ ತಾಲ್ಲೂಕನ್ನು ಹಾದು ಬನವಾಸಿಯತ್ತ ಹೋಗುತ್ತದೆ. ಸೊರಬ ಪಟ್ಟಣದ ಪಕ್ಕದ ದಂಡಾವತಿ ಅದರ ಉಪನದಿ. ಶಿಕಾರಿಪುರದ ಹೊಳೆ ಕುಮುದ್ವತಿ. ಅಂಜನಾಪುರ ಜಲಾಶಯ ಇದರ ಮೇಲಿದೆ. ಇವುಗಳಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಕೆರೆಗಳು.

ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಶಾಸನಗಳ ಸ್ಥಾನಕುಂದೂರು, ಕದಂಬ ಮನೆತನದ ಮೂಲ ನೆಲೆ. ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬದಲ್ಲಿ ಐದನೆಯ ಶತಮಾನದ ಸಂಸ್ಕೃತ ಕಾವ್ಯವೊಂದಿದೆ. ಕದಂಬ ದೊರೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆನಪಿಗಾಗಿ ಅವನ ಮಗ ಶಾಂತಿವರ್ಮ ಇದನ್ನು ಬರೆಸಿದ. ರಚಿಸಿದವನು ಕುಬ್ಜ, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಹೇಳಿಕೊಂಡಿದ್ದಾನೆ. ಓದಲೆಂದು ಕಾಂಚಿಯ ಘಟಿಕೆಗೆ ಹೋದ ಕದಂಬರ ಮೂಲಪುರುಷ ಮಯೂರಶರ್ಮ ಪಲ್ಲವರ ಕುದುರೆಯವನೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕಥೆ ನಮಗೆ ತಿಳಿದಿರುವುದು ಈ ಕಂಬದಿಂದ. ಶಾತಕರ್ಣಿ ಮೊದಲಾದ ಹಿಂದಿನ ಅರಸರು ಪೂಜಿಸಿದ ಶಿವಾಲಯವಿದು ಎಂಬ ಮಾತೂ ಅದರಲ್ಲಿದೆ. ಇದೇ ಆವರಣದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಗೆತದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರ ಸುಮಾರಿನದೆಂದೂ, ಕನ್ನಡ ಪದಗಳಿರುವುದರಿಂದ ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂದೂ ಹೇಳಲಾಗಿದೆ. ದೇವಾಲಯ ಚಿಕ್ಕದು. ಶಿಲ್ಪದ ಬೆಡಗು ಹುಡುಕಿ ಬಂದವರಿಗೆ ನಿರಾಸೆಯಾದೀತು, ಕಂಬದ ಕಥೆ ತಿಳಿದು ಬಂದವರಿಗೆ ಆಗದು. ಇದೇ ತಾಲ್ಲೂಕಿನ ಮಳವಳ್ಳಿಯಲ್ಲಿ ಕದಂಬರಿಗೂ ಹಿಂದಿನ ಪ್ರಾಕೃತ ಶಾಸನವಿದೆ.

ಬೆಡಗು ಬೇಕಾದವರು ಬಳ್ಳಿಗಾವೆಗೆ ಹೋಗಬೇಕು. ಶಿರಾಳಕೊಪ್ಪದ ಪಕ್ಕದ ಈ ಹಳ್ಳಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಟ್ಟಿಗಿದ್ದವು; ತಾರಾ ಭಗವತಿಯ ಪೂಜೆಯ ಪ್ರಸ್ತಾಪವೂ ಶಾಸನಗಳಲ್ಲಿ ಬರುತ್ತದೆ. ಕೇದಾರೇಶ್ವರ ಮೂರು ಗರ್ಭಗುಡಿಗಳ ತ್ರಿಕೂಟ. ಅಲ್ಲಿದ್ದ ಕಾಳಾಮುಖರ ಕೋಡಿಯ ಮಠವನ್ನು 1162ರ ಶಾಸನವೊಂದು ಬಣ್ಣಿಸುವ ಬಗೆ ಗಮನಾರ್ಹ: ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಓದು ನಡೆಯುತ್ತಿದ್ದ ಜಾಗವೇ ದೀನರು, ಕುಂಟರು, ಕುರುಡರಿಗೆ ಅನ್ನ ಹಾಕುವ ಜಾಗವೂ ರೋಗಿಗಳಿಗೆ ಔಷಧಿ ಕೊಡುವ ಜಾಗವೂ ಆಗಿತ್ತು. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಭೇರುಂಡ ಸ್ತಂಭ ಊರೊಳಗಿದೆ. ಮನುಷ್ಯನ ಮೈ, ಹಕ್ಕಿಯ ಎರಡು ತಲೆಗಳ ಈ ಗಂಡಭೇರುಂಡ, ರಾಜ್ಯ ಲಾಂಛನದಲ್ಲಿ ನಾವು ನೋಡಿ ಬಲ್ಲ ಹಕ್ಕಿಗಿಂತ ಬೇರೆಯದೇ ರೂಪ. ತ್ರಿಪುರಾಂತಕೇಶ್ವರ ಗುಡಿಯ ಜಾಲಂಧ್ರಗಳನ್ನೂ ಬಿಡಬಾರದು. ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವೆಯಲ್ಲಿ, ಅಕ್ಕಮಹಾದೇವಿ ಹುಟ್ಟಿದ್ದು ಹತ್ತಿರದ ಉಡುತಡಿಯಲ್ಲಿ ಎಂಬುದು ಪರಂಪರೆಯ ನಂಬಿಕೆ.

ಬಂದಳಿಕೆಗೆ ಹೋಗುವವರು ಕಡಿಮೆ. ಬಸದಿ, ಗುಡಿಗಳು ಊರಿನಿಂದ ಬೇರೆಯಾಗಿ ನಿಂತಿವೆ. ಸುಮಾರು 918ರ ಶಾಸನದ ಪ್ರಕಾರ ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಯಾಗಿ ಆಡಳಿತ ನಡೆಸಿ, ಕೊನೆಗೆ ಮಗಳಿಗೆ ಅಧಿಕಾರ ಒಪ್ಪಿಸಿ ಇಲ್ಲಿನ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳು. ಆನವಟ್ಟಿ ಬಳಿಯ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವಿದೆ, ಮುಖ್ಯಮಂತ್ರಿಯಾಗಿದ್ದ ಎಸ್. ಬಂಗಾರಪ್ಪ ಈ ಊರಿನವರು. ಇನ್ನೊಬ್ಬ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಕ್ಷೇತ್ರವಾಗಿದ್ದದ್ದು ಶಿಕಾರಿಪುರ. ಆ ಪಟ್ಟಣದಲ್ಲಿ ನೋಡಬೇಕಾದದ್ದು ಹುಚ್ಚರಾಯಸ್ವಾಮಿ ಎಂದು ಕರೆಯುವ ಆಂಜನೇಯನ ಗುಡಿ. ಚಂದ್ರಗುತ್ತಿಯಲ್ಲಿ ಬೆಟ್ಟದ ಮೇಲೆ ಕೋಟೆ, ಗವಿಯಲ್ಲಿ ರೇಣುಕಾಂಬೆ. ಇಲ್ಲಿನ ಬೆತ್ತಲೆ ಸೇವೆಯನ್ನು ತಡೆಯಲು ಹೋದವರ ಮೇಲೂ ಪೊಲೀಸರ ಮೇಲೂ 1986ರ ಜಾತ್ರೆಯಲ್ಲಿ ಹಲ್ಲೆ ನಡೆದ ಮೇಲೆ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು.

ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡ ಹಳ್ಳಿ. ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿತು. ಸೆಪ್ಟೆಂಬರ್‌ನಲ್ಲಿ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು.

ಆರೋಗ್ಯದ ವಿಷಯದಲ್ಲಿ ಪ್ರವಾಸಿ ತಿಳಿದಿರಲೇಬೇಕಾದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಾದ ಈ ವೈರಸ್ ರೋಗ ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಆ ಊರಿನ ಹೆಸರಿನಿಂದಲೇ ಇದೆ. ಹರಡುವುದು ಉಣುಗಿನ ಕಡಿತದಿಂದ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಡಿಸೆಂಬರ್‌ನಿಂದ ಮೇ ತನಕ ಅಪಾಯ ಹೆಚ್ಚು. ಗುಡಿ, ಪೇಟೆ ಸುತ್ತುವವರು ಹೆದರಬೇಕಿಲ್ಲ. ಆದರೆ ಆ ತಿಂಗಳುಗಳಲ್ಲಿ ಚಾರಣದ ಹುಮ್ಮಸ್ಸಿನಲ್ಲಿ ಕಾಡು ನುಗ್ಗುವುದು, ತರಗೆಲೆಯ ಮೇಲೆ ಕೂರುವುದು ಬೇಡ. ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕು. ಊರಿಗೆ ಹೋದ ಮೇಲೆ ಜ್ವರ ಬಂದರೆ ವೈದ್ಯರಿಗೆ ಈ ಪ್ರವಾಸದ ವಿಷಯ ಹೇಳಬೇಕು.

ಗುಡವಿ ಪಕ್ಷಿಧಾಮ ಮಳೆಗಾಲದ ಜಾಗ. ಮುಕ್ಕಾಲು ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ ಈ ಕೆರೆಗೆ ಜೂನ್‌ನಿಂದ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಬೇಸಿಗೆಯಲ್ಲಿ ಹೋದವರಿಗೆ ಹೆಚ್ಚೇನೂ ಕಾಣುವುದಿಲ್ಲ. ಗುಡಿಗಳಿಗೆ ನವೆಂಬರ್‌ನಿಂದ ಫೆಬ್ರುವರಿ ಅನುಕೂಲ. ಭೂಮಿ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗಳು ಗದ್ದೆಗೆ ಹೊರಡುತ್ತವೆ. ದೀಪಾವಳಿಯಾದ ಮೇಲೆ ಹೋರಿ ಬೆದರಿಸುವ ಹಬ್ಬ. ಜನ ಪೆಟ್ಟು ತಿನ್ನುವುದು ಹೊಸತಲ್ಲ, ನೋಡುವವರು ಬೇಲಿಯ ಹೊರಗೇ ಇರುವುದು ಲೇಸು. ಗುಡಿಗಾರರ ಗಂಧದ ಕೆತ್ತನೆಗೆ ಸೊರಬ ಹಳೆಯ ಹೆಸರು. ಕೊಂಡರೆ ರಸೀದಿ ಕೇಳಿ ಪಡೆಯಬೇಕು.

ಸೊರಬಕ್ಕೆ ರೈಲಿಲ್ಲ, ಹತ್ತಿರದ ನಿಲ್ದಾಣ ಸಾಗರದ್ದು. ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಶಿವಮೊಗ್ಗದಿಂದ ಶಿಕಾರಿಪುರ ಸುಮಾರು 50 ಕಿ.ಮೀ., ಅಲ್ಲಿಂದ ಬಳ್ಳಿಗಾವೆ 20ರ ಆಸುಪಾಸು. ಊರಿಂದೂರಿಗೆ ಬಸ್ಸುಗಳುಂಟು, ಆದರೆ ತಾಳಗುಂದ, ಬಳ್ಳಿಗಾವೆ, ಬಂದಳಿಕೆ ಮೂರನ್ನೂ ಒಂದೇ ದಿನ ನೋಡಲು ಸ್ವಂತ ವಾಹನ ಬೇಕು. ತಂಗಲು ಸಾಗರ ಇಲ್ಲವೆ ಶಿವಮೊಗ್ಗ ಅನುಕೂಲ. ಮರುದಿನ ಸೊರಬದ ಮೇಲಿಂದ ಕದಂಬರ ರಾಜಧಾನಿಯಾಗಿದ್ದ ಬನವಾಸಿಗೆ ಹೋಗಿ ಮಧುಕೇಶ್ವರನನ್ನು ನೋಡಿದರೆ ಕದಂಬರ ಕಥೆಯ ಉಳಿದರ್ಧವೂ ಸಿಗುತ್ತದೆ.