ಸ್ವಲೀನತೆಯೂ ಸ್ಥೂಲಕಾಯವೂ: ಒಂದು ಚಾರಿತ್ರಿಕ ಸಮೀಕ್ಷೆ

ಸ್ವಲೀನತೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮನಸ್ಸಿನ ಚರಿತ್ರೆಯನ್ನೇ ಬರೆದಿದ್ದಾರೆ. ದೇಹದ ಕಡೆಗೆ ದೃಷ್ಟಿ ಹರಿದುದು ತೀರ ತಡವಾಗಿ. ಈ ಸ್ಥಿತಿಯುಳ್ಳವರ ಅತಿತೂಕವು ಶಾಸ್ತ್ರದ ಗಮನಕ್ಕೆ ಬಂದ ಬಗೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರನು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದನು. ಅವರಲ್ಲಿ ಹಲವರು ಶೈಶವದಲ್ಲಿಯೇ ಆಹಾರವನ್ನು ನಿರಾಕರಿಸುತ್ತಿದ್ದರೆಂದು ಅವನು ಗುರುತಿಸಿದ್ದಾನೆ. ಹೀಗೆ ಮೊದಲ ಚಿಂತೆ ಮಗು ಉಣ್ಣದಿರುವುದನ್ನು ಕುರಿತದ್ದು. ಅನಂತರ ತಂದೆತಾಯಿಗಳ ಅನಾದರವೇ ಎಲ್ಲಕ್ಕೂ ಮೂಲವೆಂಬ ವಾದ ಪ್ರಬಲವಾಯಿತು. 1964ರಲ್ಲಿ ಬರ್ನಾರ್ಡ್ ರಿಮ್‌ಲೆಂಡನು ಅದನ್ನು ಖಂಡಿಸಿ, ಕಾರಣವನ್ನು ನರಮಂಡಲದಲ್ಲಿ ಹುಡುಕಬೇಕೆಂದು ಪ್ರತಿಪಾದಿಸಿದನು. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು 2013ರಲ್ಲಿ ಇಂದ್ರಿಯಸಂವೇದನೆಯ ಏರುಪೇರನ್ನು ಲಕ್ಷಣಗಳಲ್ಲಿ ಸೇರಿಸಿತು. ವಾಸನೆ, ಬಣ್ಣ, ಮೃದುತ್ವಗಳ ಕಾರಣದಿಂದ ಸೊಪ್ಪು ಪಲ್ಯಗಳನ್ನು ದೂರವಿಟ್ಟು, ಬಿಸ್ಕತ್ತನ್ನೋ ಬಿಳಿಯನ್ನವನ್ನೋ ಮಾತ್ರ ಒಪ್ಪುವ ಮಗುವನ್ನು ಹಟಮಾರಿಯೆನ್ನುವುದು ಇನ್ನು ನ್ಯಾಯವಲ್ಲ. ಉಣ್ಣದ ಮಗುವೇ ತೂಕ ಹೆಚ್ಚಿದ ಮಗುವಾಗುವ ವೈಚಿತ್ರ್ಯಕ್ಕೆ ಇದೊಂದು ಕಾರಣ.

ಎರಡನೆಯ ಕಾರಣ ಔಷಧ. 2002ರಲ್ಲಿ ಪ್ರಕಟವಾದ, 101 ಮಕ್ಕಳ ಮೇಲಿನ 8 ವಾರಗಳ ಪರೀಕ್ಷೆಯಲ್ಲಿ ರಿಸ್ಪೆರಿಡೋನ್ ತೀವ್ರವಾದ ಸಿಡುಕು, ಸ್ವಪೀಡನೆಗಳನ್ನು ತಗ್ಗಿಸಿತು. ಆದರೆ ಅದನ್ನು ಸೇವಿಸಿದವರ ತೂಕ ಸರಾಸರಿ 2.7 ಕಿಲೋಗ್ರಾಂ ಏರಿತು. ಹುಸಿಮದ್ದು ಪಡೆದವರಲ್ಲಿ ಏರಿಕೆ 0.8 ಮಾತ್ರ. 2006ರಲ್ಲಿ ಅಮೆರಿಕ ಈ ಬಳಕೆಗೆ ಸಮ್ಮತಿಯಿತ್ತಿತು. ಮನೆಯ ಶಾಂತಿಗೂ ಮಗುವಿನ ದೇಹಸ್ವಾಸ್ಥ್ಯಕ್ಕೂ ನಡುವೆ ತೂಗಿನೋಡುವ ಹೊರೆ ತಂದೆತಾಯಿಗಳ ಮೇಲೆ ಬಿದ್ದಿತು. 2010ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷಾ ವಿಶ್ಲೇಷಣೆಯೊಂದು, ಸ್ವಲೀನತೆಯುಳ್ಳ ಮಕ್ಕಳಲ್ಲಿ ಸ್ಥೂಲಕಾಯರು ಶೇಕಡ 30.4, ಇತರರಲ್ಲಿ 23.6 ಎಂದು ತೋರಿಸಿತು.

ನಮ್ಮ ನಾಡಿನಲ್ಲಿ 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಚಿಕಿತ್ಸೆ ಹೀಗೆ ನೆಲೆಗೊಂಡರೂ ಕಾನೂನು ಹಿಂದುಳಿಯಿತು. 1995ರ ಅಂಗವಿಕಲರ ಅಧಿನಿಯಮದಲ್ಲಿ ಸ್ವಲೀನತೆಯ ಹೆಸರಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಲ್ಲಿ ಅದು ಸೇರಿತು. 2016ರ ಅಧಿನಿಯಮವು ಅದನ್ನು ಅಂಗೀಕರಿಸಿದುದಲ್ಲದೆ, 30ನೆಯ ಪ್ರಕರಣದಲ್ಲಿ ಕ್ರೀಡೆಯಲ್ಲಿ ಭಾಗವಹಿಸಲು ಅನುವುಮಾಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು.

ಈ ಹೊಣೆಯ ಅರ್ಥ ಸ್ಪಷ್ಟವಾಗುವುದು ಸುಬ್ರಹ್ಮಣ್ಯಪುರದಂತಹ ಸ್ಥಳದಲ್ಲಿ. ಕೆರೆಯುಳ್ಳ ಈ ಊರನ್ನು ಬೆಂಗಳೂರು ತನ್ನ ದಕ್ಷಿಣದ ಬಡಾವಣೆಗಳೊಳಗೆ ಸೇರಿಸಿಕೊಂಡಿದೆ. ವಾಹನಗಳ ಸದ್ದಿಗೆ ಬೆದರುವ ಮಗುವಿಗೆ ದಾರಿಯಿದ್ದೂ ಇಲ್ಲದಂತೆ. ಆಟದ ನಿಯಮ ತಿಳಿಯದೆಂದು ಹೊರಗಿಟ್ಟರೆ ಮೈದಾನವಿದ್ದೂ ಇಲ್ಲದಂತೆ. ಅಂತಹ ಮಗುವಿಗೆ ನಡೆಯಲು ನಿಶ್ಶಬ್ದವಾದ ಕೆರೆದಂಡೆ ಔಷಧದಷ್ಟೇ ಅವಶ್ಯಕ.

ಒಂದು ಕಾಲದಲ್ಲಿ ತಾಯಿಯ ಪ್ರೀತಿಯನ್ನು ಶಂಕಿಸಿದ ಸಮಾಜವು ಇಂದು ಅವಳ ಅಡುಗೆಯನ್ನು ಶಂಕಿಸಬಾರದು. ತೂಕವು ನರಮಂಡಲ, ಔಷಧ, ಊರು ಈ ಮೂರರ ಕೂಡುಫಲವೆಂಬುದೇ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ.